ಕೋಯಿ ಮೀನಿನ ಕೊಳಕ್ಕೆ ಪಂಪ್ ತಗೊಳ್ಳೋರು ಇದೊಂದು ನೋಡ್ಕೊಳ್ಳಿ
ಡಬ್ಬದ ಮೇಲೆ ದೊಡ್ಡದಾಗಿ ಬರ್ದಿರೋ ಗಂಟೆಗೆ ಇಷ್ಟು ಲೀಟರ್ ಅನ್ನೋದು ನೋಡಿ ಪಂಪ್ ತಗೋಬೇಡಿ, ನೀರಿನ ಮಟ್ಟದಿಂದ ನಿಮ್ಮ ಫಿಲ್ಟರ್ ಎಷ್ಟು ಎತ್ತರದಲ್ಲಿದ್ಯೋ ಆ ಎತ್ತರಕ್ಕೆ ಎಷ್ಟು ನೀರು ಬರತ್ತೆ ಅಂತ ಆ ಪಂಪಿನ ಚಾರ್ಟಲ್ಲಿ ನೋಡಿ. ಡಬ್ಬದ ನಂಬರ್ ನೀರು ಮೇಲಕ್ಕೇ ಏರದಿದ್ದಾಗಿಂದು, ಎತ್ತರ ಜಾಸ್ತಿ ಆದಂಗೆ ಕಮ್ಮಿ ಆಗ್ತಾ ಹೋಗಿ ಮ್ಯಾಕ್ಸ್ ಹೆಡ್ (ಪಂಪ್ ನೀರೇರಿಸೋ ಗರಿಷ್ಠ ಎತ್ತರ) ಅಂತ ಬರ್ದಿರೋ ಎತ್ತರದಲ್ಲಿ ಸೊನ್ನೆ ಆಗತ್ತೆ. 8 ಅಡಿ ಉದ್ದ 6 ಅಡಿ ಅಗಲ 4 ಅಡಿ ಆಳದ ಕೊಳ ಅಂದ್ರೆ ಸುಮಾರು 5,400 ಲೀಟರ್, ಕೋಯಿ ತುಂಬಾ ಗಲೀಜು ಮಾಡ್ತವೆ, ಅದಕ್ಕೆ ಅಷ್ಟೂ ನೀರು ಒಂದೆರಡು ಗಂಟೆಗೊಮ್ಮೆ ಫಿಲ್ಟರ್ ದಾಟಿ ಬರ್ಲೇಬೇಕು. ಪೈಪ್ ಸಣ್ಣದಿದ್ರೆ ಅಥವಾ ಬೆಂಡ್ ಜಾಸ್ತಿ ಇದ್ರೆ ಮಾತ್ರ ಈ ಲೆಕ್ಕ ಕೈಕೊಡತ್ತೆ. ಕರೆಂಟ್ ಹೋಗೋ ಕಡೆ ದಯವಿಟ್ಟು ಒಂದು ಏರ್ ಪಂಪನ್ನ ಇನ್ವರ್ಟರ್‌ಗೆ ಹಾಕ್ಬಿಡಿ, ಆಕ್ಸಿಜನ್ ಕಮ್ಮಿ ಆದ್ರೆ ದೊಡ್ಡ ಮೀನುಗಳೇ ಮೊದ್ಲು ಹೋಗೋದು.