ಉಪ್ಪಿನ ಹಳದಿ ಗೆರೆ ನೋಡಲು ಒಂದು ಹಳೇ ಸಿಡಿ ಸಾಕು

ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಡಬ್ಬವನ್ನು (ಸ್ಪೆಕ್ಟ್ರೋಸ್ಕೋಪ್) ಪ್ರತಿ ವರ್ಷ ನನ್ನ ಎಂಟನೇ ತರಗತಿ ಮಕ್ಕಳಿಂದ ಮಾಡಿಸುತ್ತೇನೆ. ಸಿಡಿಯ ಮೇಲಿನ ಸೂಕ್ಷ್ಮ ಗೀರುಗಳೇ ಬೆಳಕನ್ನು ಬಿಡಿಸುವುದು. ಬೇಕಾಗಿರೋದು ಒಂದು ಚಪ್ಪಲಿ ಡಬ್ಬ, ಹಳೇ ಸಿಡಿ, ಶೇವಿಂಗ್ ಬ್ಲೇಡು, ಟೇಪು. ಡಿವಿಡಿ ಬೇಡ. ಅದರ ಗೀರುಗಳು ಇನ್ನೂ ಒತ್ತೊತ್ತಾಗಿರುತ್ತವೆ, ಕೆಳಗೆ ಹೇಳುವ ಕೋನಕ್ಕೆ ಹೊಂದುವುದಿಲ್ಲ.

ಡಬ್ಬದ ಒಂದು ತುದಿಯಲ್ಲಿ ಸಿಡಿಯನ್ನು ಓರೆಯಾಗಿ ನಿಲ್ಲಿಸಿ. ತಳಕ್ಕೆ 60 ಡಿಗ್ರಿ ಇರಲಿ, ಹೊಳೆಯುವ ಮುಖ ಎದುರು ಗೋಡೆ ನೋಡಲಿ, ಮೇಲಂಚು ಹಿಂದಕ್ಕೆ ವಾಲಿರಲಿ. ಎದುರು ಗೋಡೆಯಲ್ಲಿ, ಸಿಡಿಯ ಮೇಲಂಚಿಗಿಂತ ಸ್ವಲ್ಪ ಕೆಳಗಿನ ಎತ್ತರದಲ್ಲಿ, ಅಡ್ಡಕ್ಕೆ ಒಂದು ಕಿಂಡಿ ಕತ್ತರಿಸಿ. ಮುಚ್ಚಳದಲ್ಲಿ ಸಿಡಿಯ ಮೇಲ್ಭಾಗದ ನೇರಕ್ಕೆ ಕಣ್ಣಿಡಲು ತೂತು ಮಾಡಿ. ಸಂದುಗೊಂದಿಗೆಲ್ಲ ಟೇಪು ಹಚ್ಚಿ.

ಈಗ ಮುಖ್ಯವಾದದ್ದು ಸೀಳು, ಅಂದರೆ ಬೆಳಕು ಒಳಬರುವ ಸಣ್ಣ ಸಂದು. ಮೊದಲ ವರ್ಷ ನಾನು ಕತ್ತರಿಯಲ್ಲಿ ಕತ್ತರಿಸಿದ ಕಿಂಡಿಯನ್ನೇ ಹಾಗೇ ಬಿಟ್ಟಿದ್ದೆ. ಬಣ್ಣಗಳೆಲ್ಲ ಒಂದರ ಮೇಲೊಂದು ಕಲಸಿಹೋದವು. ನಾವು ನೋಡುವ ಪ್ರತಿ ಗೆರೆಯೂ ಆ ಸೀಳಿನದೇ ಚಿತ್ರ, ಬಣ್ಣಕ್ಕೊಂದರಂತೆ. ಸೀಳು ಅಗಲವಾದರೆ ಗೆರೆಯೂ ಅಗಲ. ಹಾಗಾಗಿ ಬ್ಲೇಡನ್ನು ಎರಡು ಹೋಳು ಮಾಡಿ (ಇದನ್ನು ದೊಡ್ಡವರೇ ಮಾಡಿ), ಅಂಚುಗಳು ಎದುರುಬದುರಾಗುವಂತೆ ಕಿಂಡಿಯ ಮೇಲೆ ಅಂಟಿಸಿ. ನಡುವೆ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಮಾತ್ರ ಜಾಗ ಬಿಡಿ.

ಮೊದಲು ಹಳೇ ತಂತಿ ಬಲ್ಬಿನ ಕಡೆ ಹಿಡಿಯಿರಿ. ಕೆಂಪಿನಿಂದ ನೇರಳೆವರೆಗೆ ಬಿಡುವಿಲ್ಲದ ಪಟ್ಟಿ. ಆಮೇಲೆ ಸಿಎಫ್‌ಎಲ್ ಕಡೆ ತಿರುಗಿಸಿ. "ಮೇಡಂ, ಪಟ್ಟಿ ತುಂಡು ತುಂಡಾಗಿದೆ!" ಅಂತ ಮಕ್ಕಳು ಕೂಗೋದು ಇಲ್ಲೇ. ಅದರಲ್ಲಿ 546 ನ್ಯಾನೋಮೀಟರಿನ (ಇದು ಬೆಳಕಿನ ಅಲೆಯ ಉದ್ದ, ಬಣ್ಣಕ್ಕೊಂದರಂತೆ) ಹಸಿರು, 436ರ ನೀಲಿ ನೇರಳೆ ಗೆರೆಗಳು ಬಲ್ಬಿನೊಳಗಿನ ಪಾದರಸದವು. ಅನಿಲದಲ್ಲಿ ಪರಮಾಣುಗಳು ಬಿಡಿಬಿಡಿಯಾಗಿರುತ್ತವೆ. ಅವುಗಳ ಎಲೆಕ್ಟ್ರಾನುಗಳಿಗೆ ನಿಲ್ಲಲು ಗೊತ್ತಾದ ಶಕ್ತಿಯ ಮೆಟ್ಟಿಲುಗಳಷ್ಟೇ ಇವೆ. ಮೇಲಿನಿಂದ ಕೆಳಗಿಳಿದಾಗ ಆ ಅಂತರಕ್ಕೆ ತಕ್ಕ ಬಣ್ಣವೇ ಬರುತ್ತದೆ. ಒಂದು ಧಾತುವಿನ ಮೆಟ್ಟಿಲು ಇನ್ನೊಂದಕ್ಕಿಲ್ಲ. ಬಲ್ಬಿನ ತಂತಿಯಲ್ಲಿ ಪರಮಾಣುಗಳು ಒತ್ತಿಕೊಂಡಿರುವುದರಿಂದ ಎಲ್ಲ ಬಣ್ಣವೂ ಬರುತ್ತದೆ.

ರಾತ್ರಿ ಅಡುಗೆಮನೆಯ ದೀಪ ಆರಿಸಿ. ಸ್ಟೀಲ್ ಚಮಚವನ್ನು ಉಪ್ಪು ನೀರಲ್ಲಿ ಅದ್ದಿ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಒಡ್ಡಿ. ರಟ್ಟಿನ ಡಬ್ಬ ಉರಿಯಿಂದ ಒಂದು ಮಾರು ದೂರವೇ ಇರಲಿ. ನೀಲಿ ಉರಿ ಹಳದಿಯಾಗುತ್ತದೆ, ಡಬ್ಬದೊಳಗೆ 589ರಲ್ಲಿ ಒಂದೇ ಒಂದು ಹಳದಿ ಗೆರೆ ಹೊಳೆಯುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ. ನಿಜಕ್ಕೂ ಅವು ಎರಡು ಗೆರೆ, ನಮ್ಮ ಸಿಡಿಗೆ ಬಿಡಿಸಲಾಗದಷ್ಟು ಹತ್ತಿರ.

ಹಗಲಲ್ಲಿ ಬಿಳಿ ಮೋಡದ ಕಡೆ ಹಿಡಿಯಿರಿ. ಸೂರ್ಯನ ಕಡೆ ಮಾತ್ರ ಖಂಡಿತ ಬೇಡ, ಕಣ್ಣು ಹೋಗುತ್ತದೆ. ಸೀಳು ಚೆನ್ನಾಗಿ ಸಣ್ಣದಿದ್ದರೆ ಬಣ್ಣದ ಪಟ್ಟಿಯಲ್ಲಿ ತೆಳುವಾದ ಕಪ್ಪು ಗೆರೆಗಳು ಕಂಡಾವು. 1814ರಲ್ಲಿ ಜರ್ಮನಿಯ ವಿಜ್ಞಾನಿ ಫ್ರಾನ್‌ಹೋಫರ್ ಇಂಥ ನೂರಾರು ಗೆರೆಗಳನ್ನು ಗುರುತು ಹಾಕಿದ್ದರು. ಒಂದು ಕಪ್ಪು ಗೆರೆ ನಿಮ್ಮ ಉಪ್ಪಿನ ಜಾಗದಲ್ಲೇ ಇರುತ್ತದೆ. ಸೂರ್ಯನ ಹೊರಪದರದ ಸೋಡಿಯಂ ಆ ಬಣ್ಣವನ್ನು ಹೀರಿಕೊಂಡಿರುತ್ತದೆ.

1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳ ವಿಜ್ಞಾನಿ ಪಿಯರೆ ಜಾನ್ಸೆನ್ ನಮ್ಮ ಪಕ್ಕದ ಆಂಧ್ರದ ಗುಂಟೂರಿನಿಂದ ನೋಡಿದರು. ಆ ವರ್ಷ ಸೂರ್ಯನ ಅಂಚಿನ ಬೆಳಕಿನಲ್ಲಿ ಕಂಡ ಹಳದಿ ಗೆರೆ ಉಪ್ಪಿನ ಜಾಗಕ್ಕೆ ಸರಿಯಾಗಿ ಕೂರಲಿಲ್ಲ, 587.6ರ ಹತ್ತಿರ ಇತ್ತು. ಅಲ್ಲಿಯವರೆಗೆ ಯಾರಿಗೂ ಗೊತ್ತಿರದ ಧಾತು, ಅದೇ ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 27 ವರ್ಷದ ಮೇಲೆ, 1895ರಲ್ಲಿ.