ತುಂಡು ಮಾಡಿದ ವಿಡಿಯೋದಲ್ಲಿ ಸಬ್‌ಟೈಟಲ್ ಸರಿಯಾಗಿ ಕೂತ ಬಗೆ

ಸಾಗರದ ಕಡೆ ದೀವರ ಸಮುದಾಯದ ಮನೆಯೊಂದರಲ್ಲಿ ಹಸೆ ಚಿತ್ತಾರ ಅನ್ನುವ ಗೋಡೆ ಚಿತ್ರ ಬರೆಯುವುದನ್ನು ಪೂರ್ತಿ ಚಿತ್ರೀಕರಿಸಿದ್ದೆವು. ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಎಲ್ಲಾ ಅದರಲ್ಲಿದೆ. ಕಿವಿ ಕೇಳದವರಿಗೂ ತಲುಪಬೇಕು ಅಂತ ಕನ್ನಡ ಸಬ್‌ಟೈಟಲ್ ಹಾಕಿದ್ದೆವು. ವಿಡಿಯೋ ತುಂಡು ಮಾಡಿದಾಗ ಮೊದಲನೆಯದು ಮಾತ್ರ ಸರಿ. ಉಳಿದವುಗಳಲ್ಲಿ ಮಾತೇ ಬೇರೆ, ಅಕ್ಷರವೇ ಬೇರೆ.

ಸಬ್‌ಟೈಟಲ್‌ನ ಸಾಲು, ಸಮಯ ಎರಡೂ ಇರುವ ಎಸ್‌ಆರ್‌ಟಿ ಫೈಲ್ ಮೂಲ ವಿಡಿಯೋದ ಸೊನ್ನೆಯಿಂದ ಸಮಯ ಲೆಕ್ಕ ಹಾಕುತ್ತದೆ. ಪ್ರತಿ ತುಂಡು ಮಾತ್ರ ಮತ್ತೆ ಸೊನ್ನೆಯಿಂದ ಶುರು. ತುಂಡು ಶುರುವಾಗುವ ಸಮಯವನ್ನು ಕೈಯಲ್ಲೇ ಕಳೆಯಬಹುದು, ಅಲ್ವಾ? ಅದೂ ಪೂರ್ತಿ ಹೊಂದುವುದಿಲ್ಲ. ರೀ-ಎನ್‌ಕೋಡ್ ಮಾಡದೆ, ಅಂದರೆ ವಿಡಿಯೋವನ್ನು ಹೊಸದಾಗಿ ತಯಾರಿಸದೆ, ಕತ್ತರಿಸಿದರೆ ತುಂಡು ನಾವು ಹೇಳಿದ ಕ್ಷಣದಲ್ಲಿ ಅಲ್ಲ, ಹತ್ತಿರದ ಕೀಫ್ರೇಮ್‌ನಲ್ಲಿ (ಪೂರ್ತಿ ಚಿತ್ರ ಉಳಿಸಿರುವ ಫ್ರೇಮ್) ಶುರುವಾಗುತ್ತದೆ.

ಹಾಗಾಗಿ ಮೊದಲು ಜೋಡಿಸಿ, ಆಮೇಲೆ ಕತ್ತರಿಸಿದೆ. ಎಂಕೆವಿಟೂಲ್‌ನಿಕ್ಸ್ ಉಚಿತ ತಂತ್ರಾಂಶ. ಅದರಲ್ಲಿ ವಿಡಿಯೋ, ಎಸ್‌ಆರ್‌ಟಿ ಎರಡನ್ನೂ ಸೇರಿಸಿದೆ. ಸಬ್‌ಟೈಟಲ್‌ಗೆ ಯುಟಿಎಫ್-8 ಅನ್ನುವ ಅಕ್ಷರ ಸಂಕೇತ ಆರಿಸಿದೆ, ಇಲ್ಲದಿದ್ದರೆ ಕನ್ನಡ ಅಕ್ಷರ ಕೆಡಬಹುದು. ಔಟ್‌ಪುಟ್‌ನಲ್ಲಿ ಕತ್ತರಿಸುವ ಸಮಯ ಕೊಟ್ಟೆ: 00:10:00, 00:20:00, ಹೀಗೆ. ಸಬ್‌ಟೈಟಲ್ ತನ್ನ ತುಂಡಿನ ಜೊತೆಗೇ ಹೋಯಿತು, ಸಮಯವೂ ತಾನಾಗಿ ಹೊಂದಿಕೊಂಡಿತು. ಹಳೇ ಲ್ಯಾಪ್‌ಟಾಪ್‌ನಲ್ಲೂ ಬೇಗ ಮುಗಿಯಿತು.

ಮಾತು ನಿಂತ ಜಾಗದಲ್ಲೇ ಕತ್ತರಿಸುವುದು ಒಳ್ಳೆಯದು. ವಾಟ್ಸ್ಆ್ಯಪ್‌ಗೆ ಕಳಿಸುವ ತುಂಡುಗಳಿಗೆ ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶದಲ್ಲಿ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿದೆ. ಇದಕ್ಕೆ ಸಮಯ ಜಾಸ್ತಿ ಬೇಕು.