ಆಕ್ಸೆಸ್ ಫೈಲ್ 2 ಜಿಬಿ ಮುಟ್ಟುವ ಮೊದಲು ನಾವು ಮಾಡಿದ್ದು

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕಡೆ, ಲೆಕ್ಕಪತ್ರ ನನ್ನ ಕೆಲಸ. ಕಂಪ್ಯೂಟರ್ ಓದಿದವಳಲ್ಲ, ಆದರೂ ಆಫೀಸಿನ ಡೇಟಾಬೇಸ್ ನನ್ನ ತಲೆಗೇ ಬಂದಿದೆ. ಯಾವ ತೋಟದಿಂದ ಎಷ್ಟು ಚೀಲ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು), ಎಷ್ಟು ಚೆರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು), ತೂಕ, ತೇವಾಂಶ, ಔಟ್‌ಟರ್ನ್ (ತಂದ ಕಾಫಿಯಲ್ಲಿ ಕೊನೆಗೆ ಸಿಗುವ ಶುದ್ಧ ಬೀಜದ ಪ್ರಮಾಣ), ಎಲ್ಲವೂ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲಿನಲ್ಲಿ. ಮೊದಲು ಒಂದು ಮೇಜಿನ ಮೇಲೆ ಓಡುತ್ತಿತ್ತು. ಆಮೇಲೆ ವೇಬ್ರಿಡ್ಜ್, ಸ್ಯಾಂಪಲ್ ರೂಮ್, ಗೋಡೌನ್ ಎಲ್ಲರಿಗೂ ಬೇಕಾಯಿತು. ಜನವರಿ ಬಂದರೆ ಗೇಟಿನಲ್ಲಿ ಲಾರಿ ಸಾಲು, ಒಳಗೆ "ಅಕ್ಕ, ಮತ್ತೆ ಸುತ್ತುತ್ತಾ ಇದೆ" ಅಂತ ಕೂಗು.

"ಹೊಸ ಸರ್ವರ್ ತಗೊಳ್ಳಿ" ಎಂದವರೇ ಜಾಸ್ತಿ. ನಾನು ಒಪ್ಪಲಿಲ್ಲ. ಫೈಲ್ ದಪ್ಪ ಆಗುವುದು ಒಂದು ಕಾಯಿಲೆ, ನಿಧಾನ ಆಗುವುದು ಬೇರೆ ಕಾಯಿಲೆ. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯಲ್ಲ.

ದಪ್ಪದ ವಿಷಯ ಮೊದಲು. ಒಂದು ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ. ಬರೀ ಅಂಕಿ, ಹೆಸರು, ತಾರೀಕು ತುಂಬಿದರೆ ಅಷ್ಟಾಗಲು ಬಹಳ ಕಾಲ ಬೇಕು. ನಮ್ಮಲ್ಲಿ ಜಾಗ ತಿನ್ನುತ್ತಿದ್ದದ್ದು ಸ್ಯಾಂಪಲ್ ಫೋಟೋ, ತೂಕದ ಚೀಟಿಯ ಸ್ಕ್ಯಾನ್. ಎಲ್ಲ ಅಟ್ಯಾಚ್‌ಮೆಂಟ್ ಕಾಲಂನಲ್ಲಿ ಕೂತಿದ್ದವು. ಅವನ್ನು ಹೊರಗೆ ತೆಗೆದು, ಬೆಳೆ ವರ್ಷಕ್ಕೊಂದು ಫೋಲ್ಡರ್ ಮಾಡಿ, ಟೇಬಲ್‌ನಲ್ಲಿ ಫೈಲಿನ ದಾರಿ ಮಾತ್ರ ಉಳಿಸಿದೆವು. ಇನ್ನೊಂದು, ವರದಿಗಾಗಿ ದಿನಾ ತುಂಬಿ ಅಳಿಸುವ ತಾತ್ಕಾಲಿಕ ಟೇಬಲ್‌ಗಳು. ಆಕ್ಸೆಸ್‌ನಲ್ಲಿ ಸಾಲು ಅಳಿಸಿದ ಮಾತ್ರಕ್ಕೆ ಫೈಲ್ ಚಿಕ್ಕದಾಗುವುದಿಲ್ಲ. ಎಲ್ಲರೂ ಹೊರಬಂದ ಮೇಲೆ ಒಂದು ಕಾಪಿ ತೆಗೆದಿಟ್ಟು, ಆ ಖಾಲಿ ಜಾಗ ಹಿಂಡಿ ತೆಗೆಯುವ ಕಾಂಪ್ಯಾಕ್ಟ್ ಆ್ಯಂಡ್ ರಿಪೇರ್ ಓಡಿಸಬೇಕು. ಆ ಟೇಬಲ್‌ಗಳನ್ನು ಆಯಾ ಕಂಪ್ಯೂಟರಿನ ಬೇರೆ ಸಣ್ಣ ಫೈಲಿಗೆ ಕಳಿಸಿದ್ದರಿಂದ ಮುಖ್ಯ ಫೈಲ್ ಊದುವುದು ನಿಂತಿತು.

ಈಗ ನಿಧಾನದ ವಿಷಯ. ಫೈಲನ್ನು ಎರಡು ಭಾಗ ಮಾಡಿದೆವು. ಟೇಬಲ್‌ಗಳು ಆಫೀಸಿನ ಒಂದು ಕಂಪ್ಯೂಟರಿನಲ್ಲಿ. ಫಾರ್ಮ್, ಕ್ವೆರಿ (ಟೇಬಲ್‌ನಿಂದ ಬೇಕಾದ್ದನ್ನು ಹುಡುಕಿ ತರುವ ಆದೇಶ), ವರದಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಪ್ರತಿ. ಗೋಡೌನಿನವರು ವೈಫೈ ಸಾಕು ಅಂದರು. ಬೇಡವೇ ಬೇಡ ಅಂದೆ. ಬರೆಯುವ ಹೊತ್ತಿಗೆ ಸಂಪರ್ಕ ಕಡಿದರೆ ಆಕ್ಸೆಸ್ ಫೈಲ್ ಕೆಡಬಹುದು. ಕೇಬಲ್ ಎಳೆಸಿದೆವು. ಯುಪಿಎಸ್ ಕಂಪ್ಯೂಟರಿಗಷ್ಟೇ ಅಲ್ಲ, ನೆಟ್‌ವರ್ಕ್ ಸ್ವಿಚ್ಚಿಗೂ ಹಾಕಿಸಿದೆವು. ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ವಾ!

ಆದರೆ ದೊಡ್ಡ ವ್ಯತ್ಯಾಸ ಬಂದದ್ದು ಕ್ವೆರಿಯಿಂದ. ಬೆಳೆಗಾರರು ಫೋನ್ ಮಾಡಿ "ನಮ್ಮ ಔಟ್‌ಟರ್ನ್ ಎಷ್ಟು ಬಂತಮ್ಮ?" ಅಂತ ಕೇಳುತ್ತಾರೆ. ಆ ಒಂದು ಲಾಟ್ ನೋಡಲು ಫಾರ್ಮ್ ಎಲ್ಲ ವರ್ಷದ ಎಲ್ಲ ಸಾಲುಗಳನ್ನೂ ಎಳೆದು ತರುತ್ತಿತ್ತು. ಈಗ ಫಾರ್ಮ್ ಖಾಲಿ ತೆರೆಯುತ್ತದೆ. ಲಾಟ್ ನಂಬರ್ ಕೊಟ್ಟರೆ ಅದೊಂದೇ ಬರುತ್ತದೆ. ಲಾಟ್ ನಂಬರ್, ಬೆಳೆಗಾರರ ಕೋಡ್, ತಾರೀಕು, ಈ ಮೂರಕ್ಕೆ ಇಂಡೆಕ್ಸ್, ಅಂದರೆ ಪುಸ್ತಕದ ಕೊನೆಯ ಸೂಚಿಯ ಹಾಗೆ ಬೇಗ ಹುಡುಕಲು ಒಂದು ಪಟ್ಟಿ. ಸುಮ್ನೆ ಎಲ್ಲ ಕಾಲಂಗೂ ಹಾಕಬೇಡಿ, ಹೊಸ ಸಾಲು ಸೇರಿಸುವಾಗ ಪ್ರತಿ ಇಂಡೆಕ್ಸನ್ನೂ ತಿದ್ದಬೇಕಾಗುತ್ತದೆ.

ಇಂಡೆಕ್ಸ್ ಇದ್ದೂ ಕೆಲಸಕ್ಕೆ ಬಾರದ ಒಂದು ಕಡೆ ಸಿಕ್ಕಿತು. ಹಳೆಯ ಕ್ವೆರಿಯಲ್ಲಿ ತಾರೀಕಿನ ಮೇಲೆ ಇಯರ್ ಫಂಕ್ಷನ್ ಹಾಕಿ ವರ್ಷ ಹುಡುಕುತ್ತಿದ್ದರು. ಹಾಗೆ ಮಾಡಿದರೆ ಪ್ರತಿ ಸಾಲನ್ನೂ ಲೆಕ್ಕ ಹಾಕಬೇಕು, ಇಂಡೆಕ್ಸ್ ಮೂಲೆಗೆ ಬೀಳುತ್ತದೆ. ಹೇಗೂ ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ. ಹಾಗಾಗಿ 2022ರ ಅಕ್ಟೋಬರ್ 1 ಅಥವಾ ನಂತರ, 2023ರ ಅಕ್ಟೋಬರ್ 1ಕ್ಕಿಂತ ಮೊದಲು, ಅಂತ ಬರೆದೆವು. ಲೆಕ್ಕವೂ ಸರಿಯಾಯಿತು, ವೇಗವೂ ಬಂತು.

ಇಷ್ಟಾದ ಮೇಲೆ, ಕೊಯ್ಲಿನ ಗಡಿಬಿಡಿ ಮುಗಿಸಿ, ಟೇಬಲ್‌ಗಳನ್ನು ಮೈಕ್ರೋಸಾಫ್ಟಿನದೇ ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಸಾಗಿಸಿದೆವು. ಅದು ಉಚಿತ, 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ವೇಗಕ್ಕಿಂತ ಹೆಚ್ಚಾಗಿ, ಕರೆಂಟ್ ಹೋದರೂ ಡೇಟಾ ಹಾಳಾಗಬಾರದು ಅಂತ ಹೋದದ್ದು. ಫಾರ್ಮ್‌ಗಳು ಆಕ್ಸೆಸ್‌ನಲ್ಲೇ ಉಳಿದವು. ಒಂದು ಎಚ್ಚರಿಕೆ: ಹೌದು-ಅಲ್ಲ ಕಾಲಂಗಳು ಅಲ್ಲಿ ಬಿಟ್ ಆಗುತ್ತವೆ, ಅಂದರೆ 1 ಅಥವಾ 0. ಅವು ಖಾಲಿ ಉಳಿದರೆ, ನೀವೊಬ್ಬರೇ ಕೂತಿದ್ದರೂ "ಬೇರೆ ಯಾರೋ ಈ ದಾಖಲೆ ಬದಲಿಸಿದ್ದಾರೆ" ಎಂಬ ಅರ್ಥದ ತಕರಾರು ಬರುತ್ತದೆ. ಮೊದಲೇ ಡೀಫಾಲ್ಟ್ 0 ಕೊಟ್ಟು, ಹಳೆಯ ಖಾಲಿಗಳಿಗೂ 0 ತುಂಬಿ, ಟೇಬಲ್‌ಗೊಂದು ರೋವರ್ಷನ್ ಕಾಲಂ (ಸಾಲು ಬದಲಾದಾಗಲೆಲ್ಲ ತಾನಾಗಿ ಬದಲಾಗುವ ಗುರುತು) ಸೇರಿಸಿಬಿಡಿ. ಭಾರೀ ವರದಿಗಳಿಗೆ ಸರ್ವರಿನಲ್ಲೇ ವ್ಯೂ, ಅಂದರೆ ಅಲ್ಲೇ ಉಳಿಸಿಟ್ಟ ಕ್ವೆರಿ, ಬರೆದರೆ ಒಳ್ಳೆಯದು.

ಎಕ್ಸ್‌ಪ್ರೆಸ್‌ನಲ್ಲಿ ತಾನಾಗಿ ಬ್ಯಾಕಪ್ ಮಾಡುವ ಏಜೆಂಟ್ ಇಲ್ಲ. ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ರಾತ್ರಿ ಓಡಿಸುತ್ತೇವೆ. ಫೋಟೋಗಳು ಈಗ ಡೇಟಾಬೇಸಿನ ಹೊರಗಿವೆ, ಆದ್ದರಿಂದ ಆ ಫೋಲ್ಡರ್‌ಗಳಿಗೂ ಬೇರೆ ಬ್ಯಾಕಪ್ ಹಾಕಿದ್ದೇವೆ.